ನಾಲ್ಕನೆಯ ಚೂರು

ಅಮೆರಿಕದ ಡುಲೂತ್‌ನ ಒಂದು ಆಸ್ಪತ್ರೆಯಲ್ಲಿ, ರೋಗಿಗಳ ದೇಹದಿಂದ ಪರೀಕ್ಷೆಗೆಂದು ತೆಗೆದ ಚೂರುಗಳನ್ನು ಅಂಟಿಸಿದ ಗಾಜಿನ ಸ್ಲೈಡುಗಳನ್ನು ಸ್ಕ್ಯಾನ್ ಮಾಡುವುದು ನನ್ನ ಕೆಲಸ. ವರದಿ ಹೋದ ಮೇಲೆ ಅವುಗಳಲ್ಲಿ ಕೆಲವನ್ನು ಡಾಕ್ಟರ್ ಹೌಕಾಸ್ ಪರದೆಯ ಮೇಲೆ ಮತ್ತೊಮ್ಮೆ ನೋಡಿ, ತಪ್ಪಾಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಆ ಮಂಗಳವಾರ ಬೆಳಿಗ್ಗೆ ಆಕೆ ಕೂಗಿದರು. "ವರ್ನಾ, ಹೊಟ್ಟೆಯಿಂದ ಮೂರು ಚೂರು ತೆಗೆದಿದ್ದು, ಎಲ್ಲ ಸರಿಯಿದೆ ಅಂತ ವರದಿ ಇದೆ. ಇಲ್ಲಿ ನಾಲ್ಕಿದೆ! ನಾಲ್ಕನೇದ್ರಲ್ಲಿ ಕ್ಯಾನ್ಸರ್!"

ಗಾಜನ್ನು ಬೆಳಕಿಗೆ ಹಿಡಿದೆ. ಇದ್ದದ್ದು ಮೂರೇ. ಒರೆಸಿ ಮತ್ತೆ ಸ್ಕ್ಯಾನ್ ಮಾಡಿದರೆ ಪರದೆಯಲ್ಲಿ ನಾಲ್ಕು. ಇನ್ನೊಂದು ಯಂತ್ರದಲ್ಲೂ ನಾಲ್ಕು. ಯಂತ್ರ ಬಿಸಿಯಾಗಿದ್ದರೂ ಹೊರಬಂದ ಗಾಜು ಪ್ರತಿ ಸಲವೂ ಮಂಜುಗಡ್ಡೆಯಂತೆ ತಣ್ಣಗಿತ್ತು.

"ಬೇರೆ ರೋಗಿಯದ್ದು ಅಂಟಿರಬೇಕು."

"ಅಂಟಿದ್ರೆ ಗಾಜಿನ ಮೇಲೆ ಕಾಣಬೇಕಲ್ಲ ಡಾಕ್ಟ್ರೇ?"

"ನನ್ನ ತಲೆ ತಿನ್ನಬೇಡ. ಇನ್ನೊಂದ್ಸಲ ಹಾಕು."

ಊಟ ಬಿಟ್ಟು ಒಂಬತ್ತು ಸಲ ಹಾಕಿದೆ. ಸಿಟ್ಟಿಗೆ ಅಳುವೇ ಬಂತು. ಕೊನೆಗೆ ಚೂರು ತೆಗೆದಿದ್ದ ಡಾಕ್ಟರ್ ಟೊಯ್ವೊಲಾಗೆ ಫೋನ್ ಮಾಡಿ, ಎಷ್ಟು ತೆಗೆದಿರಿ ಎಂದು ಕೇಳಿದೆ.

ಆತ ದನಿ ತಗ್ಗಿಸಿದರು. "ನಾಲ್ಕು. ಒಂದು ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು, ಕಸಕ್ಕೆ ಹಾಕಿದ್ವಿ. ಯಾರಿಗೂ ಹೇಳಿಲ್ಲ. ನಿಮಗ್ಯಾರು ಹೇಳಿದ್ರು?"

ರೋಗಿಯನ್ನು ಮರಳಿ ಕರೆಸಿದರು. ಆ ಹೆಂಗಸಿಗೆ ಕ್ಯಾನ್ಸರ್ ಇತ್ತು. ಬೇಗ ಸಿಕ್ಕಿದ್ದರಿಂದ ಬದುಕಿಕೊಂಡಳು. ತಪಾಸಣೆಯ ನಮೂನೆಯಲ್ಲಿ 'ತಪ್ಪು ಹೇಗೆ ಪತ್ತೆಯಾಯಿತು' ಎಂಬ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ. ಭರ್ತಿ ಮಾಡಿ ಎಂದು ಕಚೇರಿಯವರು ಅದನ್ನು ಇದುವರೆಗೆ ಆರು ಸಲ ವಾಪಸ್ ಕಳಿಸಿದ್ದಾರೆ.