ದಿನಕ್ಕೊಂದೇ ಅಧ್ಯಾಯ

"ನಿಮ್ಮ ದನಿ ನನಗೆ ಬೇಕಾಗಿತ್ತು" ಎಂದು ಗುರುತು ಪರಿಚಯವಿಲ್ಲದ ಹುಡುಗನೊಬ್ಬ ಔಷಧಿ ಅಂಗಡಿಯ ಕೌಂಟರಿನ ಮುಂದೆ ನಿಂತು ಹೇಳಿದರೆ ಯಾವ ಹುಡುಗಿ ತಾನೇ ಸುಮ್ಮನಿದ್ದಾಳು? ಇವಳೂ ಸುಮ್ಮನಿರಲಿಲ್ಲ. ತಲೆನೋವಿನ ಮಾತ್ರೆ ಇಲ್ಲಿದೆ, ಬಾಗಿಲು ಅಲ್ಲಿದೆ ಎಂದಳು.

ಹುಡುಗನಿಗೆ ನಗು ಬಂತು. ಬಿಳಿ ಕೋಲನ್ನು ಕೌಂಟರಿಗೆ ಒರಗಿಸಿ, ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ತೆಗೆದಿಟ್ಟ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಹೋಗುವಾಗ ಕಣ್ಣನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಈಗ ಡಿಗ್ರಿ ಎರಡನೆಯ ವರ್ಷ. ನೂರು ವರ್ಷದ ಹಿಂದಿನ ಈ ಕಾದಂಬರಿ ಪಠ್ಯ. ಉಳಿದದ್ದನ್ನೆಲ್ಲ ಓದಿ ಹೇಳುವ ಫೋನು ಇದರ ಮಸಿ ಹರಡಿದ ಹಳೇ ಅಚ್ಚು ಕಂಡರೆ ತೊದಲುತ್ತದೆ. ಅಕ್ಕ ಓದಲು ಕೂರುತ್ತಾಳೆ, ಆದರೆ ದಿನವಿಡೀ ಲಾಂಡ್ರಿಯಲ್ಲಿ ಇಸ್ತ್ರಿ ತಿಕ್ಕಿ ಬಂದವಳು ಎರಡನೆಯ ಪುಟಕ್ಕೇ ಗೊರಕೆ. ಈಗ ತಾನೇ ತನ್ನ ಮುಂದೆ ನಿಂತಿದ್ದ ತಾತನಿಗೆ ಇವಳು ಮಾತ್ರೆ ಪೆಟ್ಟಿಗೆಯೊಳಗಿನ ಚೀಟಿಯನ್ನು ಎಷ್ಟು ಚೆನ್ನಾಗಿ ಓದಿ ಹೇಳಿದಳೆಂದರೆ, ತಲೆಸುತ್ತು, ವಾಂತಿ ಎಲ್ಲ ಮುಗಿದ ಮೇಲೂ ತಾತ "ಆಮೇಲೆ?" ಎಂದು ಕೇಳಿದ್ದ.

"ಇಷ್ಟನ್ನ ಮೊದಲೇ ಹೇಳಬಾರದಾ?" ಎಂದಳು ಹುಡುಗಿ. ಬೈದದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ. ಪುಸ್ತಕವನ್ನು ಮಾತ್ರ ತನ್ನ ಕಡೆಗೆ ಎಳೆದುಕೊಂಡಳು.

ಹಾಗೆ ಶುರುವಾಯಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಅಧ್ಯಾಯ ಓದುವುದು, ಫೋನಿನಲ್ಲಿ ರೆಕಾರ್ಡ್ ಮಾಡುವುದು, ಬೇಡದ್ದನ್ನು ಕತ್ತರಿಸಿ ಕಳಿಸುವುದು. ಎಷ್ಟು ಕತ್ತರಿಸಿದರೂ ಏನಾದರೊಂದು ಉಳಿದುಬಿಡುತ್ತಿತ್ತು. ಫ್ರಿಜ್ಜಿನ ಗುಂಯ್ ಸದ್ದು, ಔಷಧಿ ಅಂಗಡಿ ಇಟ್ಟುಕೊಂಡೂ ವಾಸಿಯಾಗದ ಮಾಲೀಕರ ಕೆಮ್ಮು, ನಡುನಡುವೆ ಅವಳದೇ ತಕರಾರು. ಕಾದಂಬರಿಯಲ್ಲಿ ಗಡಿಯಾರ ರಿಪೇರಿಯವನ ಮಗಳೊಬ್ಬಳು, ನೆಲ ಅಳೆಯಲು ಬರುವ ಸರ್ವೇಯರನೊಬ್ಬ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ, ಇಬ್ಬರಿಗೂ ಬಾಯಿಲ್ಲ. "ಪಂಡಿತ್ರೇ, ಈ ಮಹಾರಾಯ್ತಿ ಮೂರನೇ ಅಧ್ಯಾಯದಲ್ಲೇ ಒಂದು ಮಾತು ಹೇಳಿದ್ರೆ ನಾವಿಬ್ಬರೂ ಇಷ್ಟೊತ್ತಿಗೆ ಆರಾಮಾಗಿ ಇರ್ತಿದ್ವಿ" ಎನ್ನುವಳು.

ಪಂಡಿತ ಎಂಬ ಹೆಸರು ಅವನಿಗೆ ಹಾಗೆ ಅಂಟಿತು. ಅವನು ಅವಳನ್ನು ಡಾಕ್ಟ್ರಮ್ಮ ಎಂದ.

ಶನಿವಾರ ಅಕ್ಕನ ಮಾತ್ರೆಯ ನೆಪದಲ್ಲಿ ಪಂಡಿತ ಅಂಗಡಿಗೆ ಹೋಗುತ್ತಿದ್ದ. ಅಷ್ಟು ತಲೆನೋವು ಜಗತ್ತಿನಲ್ಲಿ ಯಾವ ಅಕ್ಕನಿಗೂ ಇರಲಿಕ್ಕಿಲ್ಲ. ಒಂದು ಸಲ ಕಾಲೇಜಿನಲ್ಲಿ ನದಿಯ ವರ್ಣನೆಯ ಬಗ್ಗೆ ಮೇಷ್ಟ್ರು ಕೇಳಿದರೆಂದೂ, ತನ್ನ ಕಾದಂಬರಿಯಲ್ಲಿ ನದಿಯೇ ಹರಿದಿಲ್ಲವೆಂದೂ ದೂರು ಕೊಟ್ಟ. ನಾಲ್ಕು ಪುಟದ ನದಿಯನ್ನು ಹಾರಿಸಿದ್ದ ಕಳ್ಳಿ ಒಂದು ಕ್ಷಣ ಉಸಿರು ಬಿಗಿಹಿಡಿದಳು. ಆಮೇಲೆ ಆ ಉಸಿರು ಮೂಗಿನಿಂದ ಸಣ್ಣಗೆ, ಎರಡು ತುಂಡಾಗಿ ಹೊರಬಂತು.

"ನಕ್ರಿ" ಎಂದ ಪಂಡಿತ.

"ಇಲ್ಲಪ್ಪ."

"ತುಟಿ ಮುಚ್ಕೊಂಡು ನಕ್ರಿ. ಈಗ ಬೇರೆ ಕಡೆ ತಿರುಗಿದ್ರಿ."

ಅವರಿಬ್ಬರ ನಡುವೆ ಕಣ್ಣೋಟವೆಂಬುದು ಇರಲಿಲ್ಲ. ಅದು ಮಾಡಬೇಕಾದ ಕೆಲಸವನ್ನೆಲ್ಲ ಉಸಿರು ಮಾಡುತ್ತಿತ್ತು. ಮಾತ್ರೆ ಕೊಡುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿದರೆ ಆ ಉಸಿರು ಒಂದು ಹೆಜ್ಜೆ ತಪ್ಪುತ್ತಿತ್ತು. ಮನೆಗೆ ಬರುವಾಗ ಪಂಡಿತ ತನ್ನ ಸ್ಟಾಪ್ ಬಿಟ್ಟು ಮುಂದಿನದರಲ್ಲಿ ಇಳಿಯುತ್ತಿದ್ದ.

ಕಾದಂಬರಿಯಲ್ಲಿ ಇದ್ದದ್ದು ನಲವತ್ತು ಅಧ್ಯಾಯ. ಇಪ್ಪತ್ತೊಂಬತ್ತು ಮುಗಿದ ದಿನ ಪಂಡಿತ ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನು ಹನ್ನೊಂದು, ಅಷ್ಟೇ. ಆಮೇಲೆ ಈ ದನಿ ಯಾವ ನೆಪದಲ್ಲಿ ಮನೆಗೆ ಬರಬೇಕು?

ಪರೀಕ್ಷೆ ಹತ್ತಿರವಾಯಿತೆಂದು ಅವಳು ದಿನಕ್ಕೆ ಎರಡು, ಮೂರು ಕಳಿಸತೊಡಗಿದಳು. ಪಂಡಿತ ಕೇಳುವುದನ್ನು ಕಡಿಮೆ ಮಾಡಿದ. ದಿನಕ್ಕೊಂದೇ. ಉಳಿದವನ್ನು ಫೋನಿನಲ್ಲಿ ಹಾಗೇ ಕೂಡಿಟ್ಟ. ಹಿಂದೆ ಬಿದ್ದೆನೆಂದು ಗೊತ್ತಾದರೆ ಡಾಕ್ಟ್ರಮ್ಮ ಬೈಯುತ್ತಾಳೆ, ಅದಕ್ಕೆ ಅವಳು ಏನು ಕಳಿಸಿದರೂ "ಕೇಳಿದೆ, ಚೆನ್ನಾಗಿತ್ತು" ಎಂದುಬಿಡುತ್ತಿದ್ದ. ಅವನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಇವತ್ತಲ್ಲದಿದ್ದರೆ ಮುಂದಿನ ವಾರ ಕೇಳಿಯೇ ಕೇಳುತ್ತೇನಲ್ಲ?

ಗುರುವಾರ ಅವಳು ಮೂವತ್ತೆಂಟನೆಯದನ್ನು ಕಳಿಸಿದಾಗ ಪಂಡಿತ ಇನ್ನೂ ಮೂವತ್ತಮೂರರಲ್ಲಿದ್ದ. ಎಂದಿನಂತೆ ಕೇಳಿದೆ ಎಂದು ಸಂದೇಶ ಕಳಿಸಿದ. ಅಪರೂಪಕ್ಕೆ ಅವಳೇ ಫೋನ್ ಮಾಡಿದಳು.

"ಪೂರ್ತಿ ಕೇಳಿದ್ರಾ? ಕೊನೇ ತನಕ?"

"ಕೊನೇ ತನಕ."

"ಏನೂ ಹೇಳೋದಿಲ್ವಾ?"

ಅವಳಿಗೆ ಕತೆಯ ಬಗ್ಗೆ ಹರಟಬೇಕಾಗಿದೆ ಎಂದುಕೊಂಡ ಪಂಡಿತ. ಏನಾದರೂ ಚುರುಕಾಗಿ ಹೇಳಿ ಪಾರಾಗೋಣವೆಂದು, "ಹೇಳೋಕೆ ಏನಿದೆ? ಅವಳು ಸುಮ್ನೆ ಇಲ್ಲದ್ದನ್ನ ಕಲ್ಪಿಸಿಕೊಂಡು ಕಾಯ್ತಾ ಇದ್ದಾಳೆ, ಅಷ್ಟೆ" ಎಂದ. ಕಾದಂಬರಿಯ ನಾಯಕಿಯ ವಿಷಯದಲ್ಲಿ ಯಾವ ಅಧ್ಯಾಯಕ್ಕಾದರೂ ಹೊಂದುವ ಮಾತು ಅದು.

ಆ ಕಡೆ ಉಸಿರು ನಿಂತಿತು. ನಗುವ ಮುಂಚಿನ ಉಸಿರೆಂದು ಅವನು ಕಾದ. "ಸರಿ" ಎಂದಳು, ಫೋನಿಟ್ಟಳು. ಶನಿವಾರ ಅಂಗಡಿಗೆ ಹೋದರೆ ಅವಳು ರಜೆಯಲ್ಲಿದ್ದಳು. ಮಾಲೀಕರು ಕೆಮ್ಮುತ್ತ ಮಾತ್ರೆ ಕೊಟ್ಟರು.

ಸೋಮವಾರ ಕೊನೆಯ ಎರಡು ಅಧ್ಯಾಯಗಳೂ ಬಂದವು. ಜೊತೆಗೆ ಒಂದು ಸಾಲು, "ಮುಗೀತು, ಒಳ್ಳೇದಾಗಲಿ" ಎಂದು.

ಮಂಗಳವಾರ ಮಧ್ಯಾಹ್ನ ಪಂಡಿತ ಲಾಂಡ್ರಿಯಲ್ಲಿ ಅಕ್ಕನ ಪಕ್ಕ ಕೂತು ದಿಂಬಿನ ಕವರು ಮಡಚುತ್ತಿದ್ದ. ಕಿವಿಯಲ್ಲಿ ಮೂವತ್ತೆಂಟನೆಯ ಅಧ್ಯಾಯ. ಇದನ್ನು ಅವಳು ಮನೆಯಲ್ಲಿ ಓದಿದ್ದಳು, ಹಿಂದೆ ಪಾತ್ರೆಗಳ ಸದ್ದಿತ್ತು. ಸರ್ವೇಯರ್ ಅಳತೆಯ ಸರಪಳಿ ಸುತ್ತಿಕೊಂಡು ದೋಣಿ ಹತ್ತಿದ, ಅಧ್ಯಾಯ ಮುಗಿಯಿತು. ರೆಕಾರ್ಡಿಂಗ್ ಮುಗಿಯಲಿಲ್ಲ. ಕುರ್ಚಿ ಎಳೆದು ಯಾರೋ ಕೂತ ಸದ್ದು. ಅವಳ ಅಮ್ಮ.

ಲಿಫ್ಟ್ ರಿಪೇರಿಯ ಹುಡುಗನ ಮನೆಯವರು ಭಾನುವಾರ ಹೆಣ್ಣು ನೋಡಲು ಬರುತ್ತಾರಂತೆ. ಒಳ್ಳೆಯ ಜನ, ಹುಡುಗ ಮೆತ್ತಗಿನವನು. ಇಷ್ಟು ಹೇಳಿ ಅಮ್ಮ ದನಿ ತಗ್ಗಿಸಿ, ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ಈಗಲೇ ಹೇಳು ಎಂದರು.

ನಲ್ಲಿ ತೊಟ್ಟಿಕ್ಕುವ ಸದ್ದು.

"ಇದ್ದಾರೆ."

"ಆ ಪುಸ್ತಕದ ಹುಡುಗನಾ?" ಎಂದ ಅಮ್ಮ ಬೈಯಲಿಲ್ಲ. ಬೈದಿದ್ದರೆ ಕೇಳುವುದು ಸುಲಭವಿತ್ತು. "ಜೀವನಪೂರ್ತಿ ಅವನಿಗೆ ಓದಿ ಹೇಳ್ತಾ ಕೂರಬೇಕಾಗತ್ತಲ್ಲೇ, ಮಗಳೇ."

"ಈಗ ಅದನ್ನೇ ಮಾಡ್ತಿದ್ದೀನಲ್ಲಮ್ಮ. ಇಡೀ ದಿನದಲ್ಲಿ ನನಗೆ ಚೆನ್ನಾಗಿರೋದು ಅದೊಂದೇ ಗಂಟೆ." ಆಮೇಲೆ ಅವಳು ಮೆಲ್ಲಗೆ ಮುಂದುವರಿಸಿದಳು. "ಆದ್ರೆ ಅವರಿಗೆ ನಾನು ಬರೀ ಒಂದು ದನಿ ಇರಬಹುದು. ಭಾನುವಾರದೊಳಗೆ ಅವರು ಒಂದು ಮಾತು ಅಂದ್ರೆ ನೋಡೋಣ. ಇಲ್ಲದಿದ್ರೆ ನೀನು ಹೇಳಿದ ಹಾಗೆ."

ದಿಂಬಿನ ಕವರು ಪಂಡಿತನ ಮಡಿಲಿಂದ ಜಾರಿತು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ, ಏನಾಯ್ತೋ ಮರಿ ಎಂದು ಕೇಳಿದಳು. ಇವತ್ತು ಯಾವ ವಾರ ಎಂದು ಅವನು ಕೇಳಿದ. ಗೊತ್ತಿದ್ದೇ ಕೇಳಿದ.

ಅಂಗಡಿಯವರೆಗೆ ಅವನು ಹೇಗೆ ಹೋದನೋ, ಎರಡು ಸಲ ಯಾರದೋ ಸೈಕಲ್ಲಿಗೆ ಡಿಕ್ಕಿ ಹೊಡೆದದ್ದಷ್ಟೇ ನೆನಪು. ಕೌಂಟರಿನ ಹಿಂದೆ ಅವಳಿದ್ದಳು. ನಮಸ್ಕಾರ ಪಂಡಿತರೇ ಎಂದಳು, ಬೇರೆ ಗಿರಾಕಿಗೆ ಹೇಳುವ ಹಾಗೆ.

"ಮೂವತ್ತೆಂಟು ಈಗ ಕೇಳಿದೆ" ಎಂದ. "ಈಗ. ಅರ್ಧ ಗಂಟೆ ಹಿಂದೆ."

"ಗುರುವಾರ ಕೇಳಿದೆ ಅಂದ್ರಲ್ಲ."

"ಸುಳ್ಳು ಹೇಳಿದೆ. ದಿನಕ್ಕೊಂದೇ ಕೇಳ್ತಿದ್ದೆ. ಉಳಿಸ್ಕೊಂಡು, ಉಳಿಸ್ಕೊಂಡು. ಎಲ್ಲ ಮುಗಿದುಹೋದ್ರೆ ನೀವು ಇರೋದಿಲ್ಲ ಅಂತ."

ಅವಳು ಕೈಯಲ್ಲಿದ್ದ ಮಾತ್ರೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಡುತ್ತಲೇ ಹೋದಳು. ನಾಲ್ಕು, ಐದು, ಆರು. ಆರನೆಯದು ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

ಆಮೇಲೆ ಹೇಳಿದಳು. ಯಾವಾಗಲೂ ಮಾಡುವಂತೆ ಅವತ್ತೂ ಆ ಮಾತನ್ನೆಲ್ಲ ಕತ್ತರಿಸಲು ಬೆರಳು ಇಟ್ಟಿದ್ದಳಂತೆ. ತಾನಾಗಿ ಹೇಳುವ ಧೈರ್ಯ ಇನ್ನು ಬರಲಾರದೆಂದು ತಿಳಿದು ಹಾಗೆಯೇ ಕಳಿಸಿದಳಂತೆ. ಇಲ್ಲದ್ದನ್ನು ಕಲ್ಪಿಸಿಕೊಂಡಿದ್ದಾಳೆ ಎಂದು ಅವನು ಅಂದಾಗ, ಪಾಪ, ಮುಖಕ್ಕೆ ಹೊಡೆದ ಹಾಗೆ ಹೇಳದೆ ಕತೆಯ ನೆಪದಲ್ಲಿ ಹೇಳಿದರಲ್ಲ, ಒಳ್ಳೆಯವರು ಎಂದುಕೊಂಡಳಂತೆ. ಆದರೂ ಭಾನುವಾರ ಸಂಜೆಯವರೆಗೆ ಫೋನು ಕೈಯಲ್ಲೇ ಇತ್ತು.

"ಈಗ ಹೇಳಿದ್ರೆ?" ಎಂದ ಪಂಡಿತ.

"ಅವರ ಮುಂದೆ ಕೂತಾಗ ನನಗೆ ಅಳು ಬಂದುಬಿಡ್ತು. ಆ ಮನುಷ್ಯ ಯಾಕೆ ಅಂತ ಕೇಳಲಿಲ್ಲ. ಎದ್ದುಹೋಗಿ ತಾವೇ ನೀರು ತಂದುಕೊಟ್ರು. ಇಷ್ಟ ಇಲ್ಲದಿದ್ರೆ ನಾನೇ ಬೇಡ ಅಂತೀನಿ, ನಿಮ್ಮ ಮೇಲೆ ಮಾತು ಬರಲ್ಲ ಅಂದ್ರು." ಬಿದ್ದಿದ್ದ ಪೆಟ್ಟಿಗೆಯನ್ನು ಅವಳು ಈಗ ಎತ್ತಿಟ್ಟಳು. "ಹಾಗಂದವರಿಗೆ ನಾನೇ ಹೂಂ ಅಂದೆ. ಯಾರೂ ಬಲವಂತ ಮಾಡಲಿಲ್ಲ. ಎರಡೇ ದಿನಕ್ಕೆ ಅವರ ಹತ್ರ ಹೋಗಿ ನೀವು ಬೇಡ ಅಂತ ಹ್ಯಾಗೆ ಹೇಳಲಿ?"

ಹೇಳಿ, ನನಗೋಸ್ಕರ ಹೇಳಿ ಎಂಬ ಮಾತು ಪಂಡಿತನ ನಾಲಿಗೆಯ ತುದಿಗೆ ಬಂತು. ಅವನು ಕೋಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ.

"ಉತ್ತರ ಬೇಡ. ಬರೀ ಕೇಳಿಸ್ಕೊಳ್ಳಿ. ನೀವು ನನಗೆ ಬರೀ ದನಿ ಆಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ."

ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಯಾರೋ ಹೆಂಗಸು ಒಳಗೆ ಬಂದು ಮಗುವಿಗೆ ಕೆಮ್ಮಿನ ಔಷಧಿ ಕೇಳಿದಳು. ಊಟವಾದ ಮೇಲೆ, ಒಂದು ಚಮಚ, ಚೆನ್ನಾಗಿ ಅಲುಗಾಡಿಸಿ ಎಂದು ಹುಡುಗಿ ಒಂದೊಂದೇ ಪದ ಹುಡುಕಿ ಹೇಳಿದಳು. ಹೆಂಗಸು ಅವಳಿಗೂ ನೆಗಡಿಯೇ ಎಂದು ವಿಚಾರಿಸಿ ಹೋದಳು.

"ಆ ರೆಕಾರ್ಡಿಂಗನ್ನ ಅಳಿಸಲಾ?" ಎಂದ ಪಂಡಿತ.

"ನಿಮ್ಮಿಷ್ಟ. ಉಳಿದ ಎರಡನ್ನ ಮಾತ್ರ ಇವತ್ತೇ ಕೇಳಿ ಮುಗಿಸಿ." ಕೌಂಟರಿನ ಮೇಲೆ ಅವನ ಕೈ ಇತ್ತು. ಅದರ ಮೇಲೆ ಅವಳ ಕೈ ಒಂದು ಕ್ಷಣ ಬಂದು ಕೂತು ಎದ್ದುಹೋಯಿತು. "ಇನ್ನು ಉಳಿಸ್ಕೋಬೇಡಿ."

ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಪಂಡಿತ ಮೂವತ್ತೊಂಬತ್ತನ್ನು ಕೇಳಿದ, ನಿಲ್ಲಿಸದೆ ನಲವತ್ತನ್ನೂ ಕೇಳಿದ. ಅವನ ಬಸ್ಸು ಬಂತು, ಹೋಯಿತು. ಸರ್ವೇಯರ್ ಹಿಂದಿರುಗಿದ. ಗಡಿಯಾರದ ಅಂಗಡಿಯ ಬಾಗಿಲಲ್ಲಿ ನಿಂತು ಅಂತೂ ಬಾಯಿ ಬಿಟ್ಟ, ಅವಳೂ ಬಾಯಿ ಬಿಟ್ಟಳು. ಹೋದ ವರ್ಷದ ಕ್ಲಾಸಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದ ಪುಟವಂತೆ ಅದು. ಸೋಮವಾರ ಅದನ್ನು ಓದಿದ ದನಿಯಲ್ಲಿ ನಗುವಿರಲಿಲ್ಲ, ತಕರಾರಿರಲಿಲ್ಲ. ಒಂದು ಸಾಲೂ ಹಾರಿಸದೆ, ಎಲ್ಲಿಯೂ ನಿಲ್ಲದೆ, ಮನೆ ಖಾಲಿ ಮಾಡುವವರು ಕೊನೆಗೊಮ್ಮೆ ಕಸ ಗುಡಿಸುವ ಹಾಗೆ ಅವಳು ಆ ಸುಖವನ್ನೆಲ್ಲ ಶುದ್ಧವಾಗಿ ಓದಿ ಮುಗಿಸಿದ್ದಳು.