ಮೀನು ಯಾಕೆ ಬಾಯಿ ಬಿಡ್ತು?

"ಹಸರ! ಮತ್ತ ಹಸರ ಬಂತು!"

ಶೈಲಜಾ ಗಾಜಿನ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರೊಳಗಿನ ಮೀನಿನ ಟ್ಯಾಂಕಿನ ನೀರಿಗೆ ಪರೀಕ್ಷೆಯ ಔಷಧದ ಹನಿ ಹಾಕಿ, ಅಲ್ಲಾಡಿಸಿ, ಕಾದು ನೋಡಿದ್ದಳು. ಹಳದಿ ಬಂದರೆ ನೀರು ಚಲೋ. ಹಸಿರು ಬಂದರೆ ನೀರಿನಲ್ಲಿ ಅಮೋನಿಯಾ ಐತಿ, ಮೀನಿಗೆ ಅದು ವಿಷ. ಬೆಳಗಾವಿಯಿಂದ ಟ್ಯಾಂಕು ತಂದುಕೊಟ್ಟ ಗೌರೀಶ ಕಾಕಾ ಹಾಗಂತ ಹೇಳಿದ್ದ.

ಶೈಲಜಾಗೆ ಏನೂ ತಿಳಿಯಲಿಲ್ಲ. ನಿನ್ನೆಯಷ್ಟೇ ನೀರೆಲ್ಲ ಚೆಲ್ಲಿ, ಕಲ್ಲು, ಗಾಜು, ನೀರು ಸೋಸುವ ಸ್ಪಂಜು ಎಲ್ಲವನ್ನೂ ನಳದ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದಿದ್ದಳು. ಈಗ ನೀರು ಎಷ್ಟು ತಿಳಿಯಾಗಿತ್ತೆಂದರೆ, ಟ್ಯಾಂಕಿನ ಆಚೆಗಿದ್ದ ಕ್ಯಾಲೆಂಡರಿನ ತಾರೀಖು ಕೂಡ ಕಾಣುತ್ತಿತ್ತು.

ಆದರೂ ಎರಡೂ ಗೋಲ್ಡ್ ಫಿಶ್ ಮೇಲೆ ತೇಲಿ ಬಂದು ಬಾಯಿ ತೆಗೆದು ಮುಚ್ಚುತ್ತಿದ್ದವು. ಮೂರನೆಯದು ಶುಕ್ರವಾರ ಸತ್ತಿತ್ತು. ಅದನ್ನು ದಾಸವಾಳದ ಗಿಡದ ಬುಡದಲ್ಲಿ ಹೂತ ದಿನ ಶೈಲಜಾ ಊಟ ಮಾಡಿರಲಿಲ್ಲ.

"ಪಾಪ, ಹೆಂಗ ಬಾಯಿ ಬಿಡಾಕ ಹತ್ಯಾವ ನೋಡ. ಹಸದಾವ," ಎಂದು ಅಜ್ಜಿ ಬಾಯವ್ವ ಚಿಟಿಕೆ ಮೀನಿನ ತಿನಿಸಿನ ಕಾಳು ಉದುರಿಸಿದಳು.

"ಆಯಿ, ಈಗಷ್ಟ ನಾ ಹಾಕೇನಿ!"

"ಕೂಸಿಗೆ ಒಮ್ಮೆ ಉಣಿಸಿದ್ರ ಮುಗೀತೇನು?"

ಶೈಲಜಾಗೂ ಹೌದೆನ್ನಿಸಿತು. ಮತ್ತೊಂದು ಚಿಟಿಕೆ ತಾನೂ ಹಾಕಿದಳು. ಆಮೇಲೆ ಔಷಧದ ಬಾಟಲಿ, ನಳಿಗೆ ಎರಡನ್ನೂ ಹಿಡಿದುಕೊಂಡು ಹಿಂದಿನ ಓಣಿಗೆ ಓಡಿದಳು.

ಅಲ್ಲಿ ಅವಳ ಕ್ಲಾಸಿನ ಅಲ್ಮಾಸಳ ಮನೆ. ಅಲ್ಮಾಸಳ ಟ್ಯಾಂಕು ಹಳೆಯದು. ಗಾಜಿನ ಒಂದು ಬದಿಗೆ ಪಾಚಿ, ಸ್ಪಂಜು ಚಹಾದ ಬಣ್ಣ. ಶೈಲಜಾ ಮೂಗು ಮುರಿಯುತ್ತಲೇ ಆ ನೀರನ್ನು ನಳಿಗೆಗೆ ತುಂಬಿ ಹನಿ ಹಾಕಿದಳು. ಇಬ್ಬರೂ ಕಾದರು.

ಹಳದಿ!

"ಸುಳ್ಳ ಐತಿ ಇದು," ಎಂದಳು ಶೈಲಜಾ. "ಔಷಧ ಕೆಟ್ಟೈತಿ. ನಿನ್ನ ಟ್ಯಾಂಕು ಇಷ್ಟು ಹೊಲಸ ಐತಿ, ಹಳದಿ ಹೆಂಗ ಬರ್ತೈತಿ?"

ಅಲ್ಮಾಸಳ ಮುಖ ಸಣ್ಣದಾಯಿತು. "ಹೊಲಸ ಅನಬ್ಯಾಡ. ನನ್ನ ಮೀನು ಒಂದೂ ಸತ್ತಿಲ್ಲ."

ಶೈಲಜಾ ನಾಲಿಗೆ ಕಚ್ಚಿಕೊಂಡಳು. ಅಲ್ಮಾಸ ಹೇಳಿದ್ದು ಖರೆ. ಅವಳ ಮೀನುಗಳು ತಳದಲ್ಲಿ ಕಲ್ಲು ಕೆದಕುತ್ತ ತಮ್ಮ ಪಾಡಿಗೆ ತಿರುಗುತ್ತಿದ್ದವು. ಒಂದೂ ಬಾಯಿ ಬಿಡುತ್ತಿರಲಿಲ್ಲ.

"ಸಿಟ್ಟಾಗಬ್ಯಾಡ ಲೇ. ನನಗ ತಲಿ ಕೆಟ್ಟೈತಿ. ನೀ ಸ್ಪಂಜು ಹೆಂಗ ತೊಳೀತಿ?"

"ನಳದ ನೀರಿಗೆ ಹಿಡ್ಯಾಂಗಿಲ್ಲ. ಟ್ಯಾಂಕಿನ ನೀರನ್ನ ಒಂದೀಟು ಬಕೆಟ್‌ನ್ಯಾಗ ತಗೊಂಡು, ಅದರಾಗ ಹಿಂಡ್ತೇನಿ, ಅಷ್ಟ. ಸ್ಪಂಜಿನ್ಯಾಗ ಕಣ್ಣಿಗೆ ಕಾಣದ ಜೀವ ಇರ್ತಾವಂತ. ಮೀನಿನ ಹೊಲಸಿನ ವಿಷ ಅವು ತಿಂತಾವಂತ. ನಳದ ನೀರಾಗ ಬ್ಲೀಚಿಂಗ್ ಇರ್ತೈತಲ್ಲ, ಅವು ಸಾಯ್ತಾವಂತ. ನಮ್ಮ ಅಬ್ಬಾ ಹೇಳ್ಯಾರ."

"ಹಂಗಾರ ನಾ ತೊಳದು ತೊಳದು ಅವನ್ನೆಲ್ಲ ಕೊಂದೇನಿ!" ಎಂದಳು ಶೈಲಜಾ.

ಅಲ್ಮಾಸ ಕತ್ತರಿ ತಂದು ತನ್ನ ಸ್ಪಂಜಿನ ಅರ್ಧ ಕತ್ತರಿಸಿದಳು. ಒದ್ದೆಯಾಗೇ ಇರಲೆಂದು ತನ್ನ ಟ್ಯಾಂಕಿನ ನೀರಿನ ಜೊತೆಗೇ ಡಬ್ಬಿಗೆ ಹಾಕಿದಳು. ಇಬ್ಬರೂ ಶೈಲಜಾಳ ಮನೆಗೆ ಬಂದರು.

ಆ ಕಂದು ತುಂಡನ್ನು ತನ್ನ ಫಳಫಳ ಟ್ಯಾಂಕಿಗೆ ಹಾಕಲು ಶೈಲಜಾಳ ಕೈ ಹಿಂಜರಿಯಿತು. ಕೊನೆಗೆ ಕಣ್ಣು ಮುಚ್ಚಿ ಹಾಕಿಯೇಬಿಟ್ಟಳು. ಮುಂಜಾನೆಯಿಂದ ಅಂಗಳದ ಬಿಸಿಲಲ್ಲಿ ಬಕೆಟ್‌ನಲ್ಲಿದ್ದ ನೀರಿನ ಬ್ಲೀಚಿಂಗ್ ವಾಸನೆ ಹೋಗಿತ್ತು. ಅದನ್ನು ನೆರಳಿನಲ್ಲಿಟ್ಟು ತಣಿಸಿ, ಅರ್ಧ ಟ್ಯಾಂಕಿನ ನೀರನ್ನಷ್ಟೇ ಅದರಿಂದ ಬದಲಿಸಿದರು.

ಮೀನುಗಳು ಮಾತ್ರ ಇನ್ನೂ ಮೇಲೆಯೇ ಇದ್ದವು. ತಿಂದಾವೇನೋ ಎಂದು ಶೈಲಜಾ ಒಂದೇ ಒಂದು ಕಾಳು ಹಾಕಿದಳು. ಕಾಳು ದೊಡ್ಡ ಮೀನಿನ ಬಾಯಿಯ ಮುಂದೆಯೇ ತೇಲಿ ಹೋಯಿತು. ಮೀನು ಅದನ್ನು ನೋಡಲೂ ಇಲ್ಲ. ಬಾಯಿ ತೆಗೆಯಿತು, ಮುಚ್ಚಿತು. ತೆಗೆಯಿತು, ಮುಚ್ಚಿತು.

ಶೈಲಜಾ ಗಾಜಿಗೆ ಮುಖ ಹಚ್ಚಿ ತಾನೂ ಹಾಗೇ ಮಾಡಿದಳು. ಬಾಯಿ ತೆಗೆದಳು, ಮುಚ್ಚಿದಳು. ಮತ್ತೆ ತೆಗೆದಳು. ಒಳಗೆ ಹೋದದ್ದು ಗಾಳಿ.

"ಅಲ್ಮಾಸ," ಎಂದಳು ಮೆಲ್ಲಗೆ, "ಇವು ಹಸದಿಲ್ಲ. ಇವಕ್ಕ ಉಸರ ಸಾಲವಲ್ತು."

ಮರುದಿನ ಅವಳು ಏನೂ ಹಾಕಲಿಲ್ಲ. "ಉಪವಾಸ ಕೆಡವಿ ಕೊಲ್ತಿ ಏನ ಅವನ್ನ?" ಎಂದು ಅಜ್ಜಿ ಸಿಟ್ಟಾದಳು. "ತಿಂದು ಉಳಿದಿದ್ದು ಕೊಳೆತ್ರ ನೀರು ಕೆಡ್ತೈತಿ ಆಯಿ," ಎಂದಳು ಶೈಲಜಾ. ಆದರೆ ತಾನು ಹೇಳಿದ್ದು ಖರೆಯೋ ಸುಳ್ಳೋ ಎಂದು ಅವಳಿಗೇ ಪೂರ್ತಿ ಖಾತ್ರಿಯಿರಲಿಲ್ಲ. ಸಾಲಿಯಲ್ಲಿ ಗಣಿತದ ತಾಸಿನಲ್ಲೂ ಅವಳಿಗೆ ಆ ಬಾಯಿಗಳೇ ಕಾಣುತ್ತಿದ್ದವು.

ಪ್ರತಿ ಸಂಜೆ ಇಬ್ಬರೂ ಕೂಡಿ ಸ್ವಲ್ಪ ಸ್ವಲ್ಪ ನೀರು ಬದಲಿಸಿದರು.

ವಾರದ ಕೊನೆಗೆ ಒಂದು ಸಂಜೆ ಶೈಲಜಾ ಪಾಟಿಚೀಲ ಇಳಿಸಿ ನೋಡಿದಾಗ, ನೀರಿನ ಮೇಲೆ ಯಾರೂ ಇರಲಿಲ್ಲ. ಗಾಬರಿಯಾಗಿ ಬಗ್ಗಿ ನೋಡಿದಳು. ಎರಡೂ ಮೀನು ಕೆಳಗೆ ಕಲ್ಲಿನ ಮಗ್ಗುಲಲ್ಲಿದ್ದವು. ಬಾಲ ಮೆಲ್ಲಗೆ ಅಲ್ಲಾಡುತ್ತಿತ್ತು.

ಅಜ್ಜಿ ಹಿಂದೆ ಬಂದು ನಿಂತಳು. "ಏನ್ ಮಾಡಾಕ ಹತ್ಯಾವ?"

"ಏನೂ ಮಾಡಾಕ ಹತ್ತಿಲ್ಲ ಆಯಿ." ಶೈಲಜಾ ಜರುಗಿ ಅಜ್ಜಿಗೆ ಜಾಗ ಮಾಡಿಕೊಟ್ಟಳು. "ಸುಮ್ನ ಅದಾವ. ಬಾ, ಕುಂತು ನೋಡ."