ಮಡ್‌ಗಾರ್ಡಿನೊಳಗಿನ ಸುಣ್ಣ

ಪಿಕಪ್ ಗಾಡಿ ಚರಂಡಿಯಲ್ಲಿ ಮೂಗು ಊರಿ ನಿಂತಿತ್ತು. ಬೆಳ್ಳಂಬೆಳಗ್ಗೆ ಮೊದಲು ಕಂಡವಳು ರಸ್ತೆ ಗುಡಿಸುವ ಹೆಂಗಸು. ಪೊರಕೆ ಅಲ್ಲೇ ಎಸೆದು ಕೂಗಿಕೊಂಡು ಇಳಿಜಾರು ಹತ್ತಿ ಓಡಿದಳು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಗಾಡಿ ಓಡಿಸುತ್ತಿದ್ದ ಬಡಗಿಯನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಉಸಿರಿತ್ತು, ಎಚ್ಚರವಿರಲಿಲ್ಲ.

ಇನ್ಸ್‌ಪೆಕ್ಟರ್ ನಿಂತಲ್ಲಿ ನಿಲ್ಲುವ ಹೆಣ್ಣಲ್ಲ. ಗಾಡಿಗೆ ಮೂರು ಸುತ್ತು ಹಾಕಿದಳು. ಎಡಗಡೆಯ ಮುಂದಿನ ಟೈರು ಒಡೆದು ಅದರ ಪಕ್ಕೆ ಬಾಯಿಬಿಟ್ಟಿತ್ತು. ಸೀಳಿನ ಸುತ್ತ ರಬ್ಬರು ತೇದು ಒರಟಾಗಿತ್ತು.

"ನೋಡಿ ಮೇಡಂ, ನೀವೇ ನೋಡಿ!" ಬಡಗಿಯ ಬಾಮೈದ ಎದೆ ಬಡಿದುಕೊಂಡ. ಅಕ್ಕನ ಮನೆಯಲ್ಲೇ ಇದ್ದು ಭಾವನ ಮರಗೆಲಸದ ಶೆಡ್ಡು ನೋಡಿಕೊಳ್ಳುವವನು. "ಆರು ದಿನದ ಹಿಂದೆ ಆ ಗ್ಯಾರೇಜಿನ ಮೇಸ್ತ್ರಿ ಗಾಡಿ ಎತ್ತರ ಇಳಿಸಿಕೊಟ್ಟ. ಆವತ್ತಿಂದ ತಿರುಗಿಸಿದಾಗಲೆಲ್ಲ ಕರ್ ಕರ್ ಅಂತ ಟೈರು ಮಡ್‌ಗಾರ್ಡಿಗೆ ಉಜ್ತಾನೇ ಇತ್ತು. ಕಣ್ಣಾರೆ ನೋಡಿದೀನಿ."

"ಭಾವನಿಗೆ ಹೇಳಲಿಲ್ವಾ?"

"ಹೇಳ್ದೆ. ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಗಾಡೀನ ನೆಲಕ್ಕೆ ಇಳಿಸಿ ನಮ್ಮ ಮನೆ ದೀಪ ಆರಿಸೋಕೆ ಹೊರಟ ಪಾಪಿ!"

ನೆರೆದವರು ತಲೆಯಾಡಿಸಿದರು. ಗಾಡಿಯನ್ನು ಮೇಲಕ್ಕೆತ್ತುವ ಮೊದಲೇ ಅವರ ಮನಸ್ಸಿನಲ್ಲಿ ಮೇಸ್ತ್ರಿಗೆ ಶಿಕ್ಷೆಯಾಗಿ ಹೋಗಿತ್ತು.

*

ಗ್ಯಾರೇಜಿನ ಗೇಟಿನಾಚೆ ಜನ ಗುಂಪುಗಟ್ಟಿದ್ದರು. ಒಳಗೆ ಮೇಸ್ತ್ರಿ ಗ್ರೀಸು ಮೆತ್ತಿದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತಿದ್ದ.

"ಬಡಗಿ ಗಾಡಿ ಯಾಕೆ ಇಳಿಸಿದ್ದು? ಶೋಕಿಗಾ?"

"ಅವರ ಮನೆಯವರಿಗೆ ಮಂಡಿ ನೋವು ಮೇಡಂ. ಗಾಡಿ ಹತ್ತೋಕೆ ಆಗ್ತಿರಲಿಲ್ಲ. ಎರಡೂವರೆ ಇಂಚು ಇಳಿಸಿದೆ."

"ಸ್ಪ್ರಿಂಗು ಕತ್ತರಿಸಿದ್ಯಾ?"

ಮೇಸ್ತ್ರಿಯ ಮುಖಕ್ಕೆ ಆಗ ರಕ್ತ ಬಂತು. "ಕತ್ತರಿಸೋದು ಕೆಲಸ ಬರದವರು ಮಾಡೋದು. ಮುಂದೆ ಗಿಡ್ಡ ಸ್ಪ್ರಿಂಗು ಹೊಸದು ಹಾಕಿದೆ. ಸ್ಟೇರಿಂಗು ಎರಡೂ ಕಡೆ ಕೊನೇವರೆಗೆ ತಿರುಗಿಸಿ ನೋಡ್ದೆ. ಮರಳಿನ ಮೂಟೆ ಹೇರಿ ಗುಂಡೀಲಿ ಹಾರಿಸಿ ನೋಡ್ದೆ. ಎರಡು ಬೆರಳು ಆಡೋಷ್ಟು ಜಾಗ ಇತ್ತು."

"ಮತ್ತೆ ಉಜ್ಜಿದ್ದು ಹೇಗಯ್ಯಾ?"

"ಅದೇ ತಲೆ ತಿಂತಿದೆ ಮೇಡಂ. ಅರ್ಧ ಇಂಚು ಹೆಚ್ಚು ಇಳಿಸಿಬಿಟ್ಟೆನೇನೋ. ಆ ಗಾಡಿ ಹತ್ರ ಹೋಗೋಕೂ ಧೈರ್ಯ ಇಲ್ಲ. ಅವರಿಗೇನಾದ್ರೂ ಆದ್ರೆ ನಾನು ಮತ್ತೆ ಪಾನಾ ಮುಟ್ಟೋನಲ್ಲ."

ತಪ್ಪು ಮಾಡಿದವನು ಹೀಗೆ ಮಾತಾಡುವುದನ್ನು ಆಕೆ ನೋಡಿದ್ದಳು. ತಪ್ಪು ಮಾಡದವನೂ ಹೀಗೇ ಮಾತಾಡುತ್ತಾನೆ. ಅದೇ ತೊಡಕು.

*

ಟೈರು ಅಂಗಡಿಯವನು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಹೇಳಿದ, "ಮಡ್‌ಗಾರ್ಡಿಗೆ ತಾಗೋ ಅಂಥ ಅಗಲದ ಟೈರಾ? ಇಲ್ಲ ಮೇಡಂ. ಹಳೇ ಅಳತೆಯೇ ಬೇಕು ಅಂತ ಹಟ ಹಿಡಿದು ಹಾಕಿಸಿದ್ರು. ನಾಲ್ಕು ತಿಂಗಳೂ ಆಗಿಲ್ಲ."

ಆ ದಾರಿಯೂ ಮುಚ್ಚಿತು. ಆಕೆ ಜೀಪು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು.

"ಕೂತ್ಕೊಳ್ಳಿ ಮೇಡಂ, ನನಗೇ ತಲೆ ಸುತ್ತುತ್ತೆ," ಎಂದ ಮುದಿ ದಫೇದಾರ. "ಪಾಪ, ನಿನ್ನೆ ಸಂಜೆ ತಾನೇ ಆ ಬಡಗಿ ಸ್ಟೇಷನ್ನಿಗೆ ಫೋನು ಮಾಡಿದ್ದ. ಬೆಳಗ್ಗೆ ಎದ್ದವನೇ ಬರ್ತೀನಿ, ಶೆಡ್ಡಲ್ಲಿರೋ ಮರದ ವಿಷ್ಯ ಮಾತಾಡ್ಬೇಕು ಅಂದ."

ಆಕೆಯ ಕೈ ಗೇರಿನ ಮೇಲೇ ನಿಂತಿತು. "ಇದನ್ನ ಈಗ ಹೇಳ್ತಾ ಇದ್ದೀರಾ?"

"ಏನೋ ಲೈಸೆನ್ಸಿನ ತಕರಾರು ಅಂದ್ಕೊಂಡೆ..."

"ಶೆಡ್ಡಿಗೆ ಹೋಗಿ. ಮರ ನೋಡಿ. ಬಾಮೈದನ ಪೆಟ್ಟಿಗೇಲಿರೋ ಹತಾರ ಎಲ್ಲ ತನ್ನಿ. ಒಂದು ಮೊಳೆಯೂ ಬಿಡಬೇಡಿ."

*

ಗಾಡಿ ತೋರಿಸಲು ಮೇಸ್ತ್ರಿಯನ್ನು ಸ್ಟೇಷನ್ನಿಗೆ ಕರೆದೊಯ್ಯಲು ಗ್ಯಾರೇಜಿಗೆ ಮರಳಿದಾಗ ಅವನು ಕೂತಲ್ಲಿಂದ ಎದ್ದೇ ಇರಲಿಲ್ಲ. ಅವನು ಚಪ್ಪಲಿ ಹುಡುಕುವಷ್ಟರಲ್ಲಿ ಆಕೆ ಅತ್ತಿಂದಿತ್ತ ನಡೆದಳು. ಜಾಕಿನ ಮೇಲಿದ್ದ ಒಂದು ವ್ಯಾನಿನ ಮಡ್‌ಗಾರ್ಡಿಗೆ ಕೈಯೂರಿದಳು. ಬೆರಳು ಬೆಳ್ಳಗಾಯಿತು.

"ಏನಿದು?"

"ಸುಣ್ಣ ಮೇಡಂ. ಇಳಿಸಿದ ಗಾಡಿಗೆಲ್ಲ ಮಡ್‌ಗಾರ್ಡಿನ ಒಳಂಚಿಗೆ ಬಳಿದು ಕಳಿಸ್ತೀನಿ. ಎಂಟು ದಿನ ಓಡಿಸಿ ಬನ್ನಿ ಅಂತೀನಿ. ಎಲ್ಲಿ ಸುಣ್ಣ ಹೋಗಿದೆಯೋ ಅಲ್ಲಿ ಟೈರು ತಾಗಿದೆ ಅಂತ. ಆ ಅಂಚು ಬಡಿದು ಒಳಕ್ಕೆ ಮಡಚಿಕೊಡ್ತೀನಿ."

"ಬಡಗಿ ಗಾಡಿಗೂ ಬಳಿದಿದ್ಯಾ?"

"ಯಾವುದನ್ನೂ ಬಿಡೋನಲ್ಲ. ಬಡಗಿಗೆ ಮಾತ್ರ ಹೇಳಿದ್ದೆ, ಅವರ ಮನೆಯಿಂದ ಬೇರೆ ಯಾರೂ ಇತ್ತ ಬಂದಿರಲಿಲ್ಲ."

"ಅಯ್ಯೋ ಮಾರಾಯ, ಬೆಳಗ್ಗೆಯಿಂದ ಬಾಯಲ್ಲಿ ಏನಿಟ್ಕೊಂಡಿದ್ದೆ? ಜೀಪು ಹತ್ತು!"

ಪಿಕಪ್ಪನ್ನು ಚರಂಡಿಯಿಂದ ಎತ್ತಿ ಸ್ಟೇಷನ್ ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಆಕೆ ಸೀದಾ ನೆಲದ ಮೇಲೆ ಮಲಗಿ, ಎಡಗಡೆಯ ಚಕ್ರದ ಮೇಲಕ್ಕೆ ಟಾರ್ಚು ಬಿಟ್ಟಳು. ಟೈರು ಒಡೆದಾಗ ಚಿಮ್ಮಿದ ಎರಡು ಕಪ್ಪು ಗೀಟು ಬಿಟ್ಟರೆ ಒಳಂಚಿನುದ್ದಕ್ಕೂ ಸುಣ್ಣ ಬಳಿದ ಹಾಗೇ ಇತ್ತು. ಕುಂಚದ ಎಳೆಗಳೂ ಕಾಣುತ್ತಿದ್ದವು.

"ಬಾ, ನೋಡು."

ಮೇಸ್ತ್ರಿ ಬಗ್ಗಿದ. ಸುಣ್ಣವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಒಡೆದ ಟೈರಿನ ಸುತ್ತ ಬೆರಳಾಡಿಸುತ್ತ ಹೋದ. ಗೇಣಗಲ ಮಾತ್ರ ಒರಟು. ಮಿಕ್ಕದ್ದೆಲ್ಲ ನುಣುಪು.

"ಮೇಡಂ," ಅವನು ಒರಟು ಜಾಗದ ಮೇಲೆ ಬೆರಳಿಟ್ಟ. "ಚಕ್ರ ತಿರುಗುತ್ತೆ. ತಗಡಿಗೆ ಉಜ್ಜಿದ್ರೆ ಸುತ್ತಲೂ ಬಳೆ ಹಾಗೆ ಗೀರು ಬೀಳ್ಬೇಕು. ಇದು ಒಂದೇ ಕಡೆ ಇದೆ. ಗೀರೂ ಅಡ್ಡಡ್ಡ. ಇದು ನಿಂತ ಗಾಡಿಗೆ ಯಾರೋ ಕೈಯಾರೆ ಉಜ್ಜಿದ್ದು."

ಅಷ್ಟರಲ್ಲಿ ದಫೇದಾರ ಏದುಸಿರು ಬಿಡುತ್ತ ಬಂದ. ಕಂಕುಳಲ್ಲಿ ಹತಾರದ ಚೀಲ. "ದಿಮ್ಮಿಗಳ ಮೇಲಿನ ಅರಣ್ಯ ಇಲಾಖೆ ಮುದ್ರೆ ಕೆತ್ತಿ ತೆಗೆದಿದ್ದಾರೆ ಮೇಡಂ. ಕದ್ದ ಮಾಲು. ಆಮೇಲೆ ಈ ಅರ ನೋಡಿ."

ಮರ ಉಜ್ಜುವ ಅರ. ಅದರ ಹಲ್ಲುಗಳ ಸಂದಿಯಲ್ಲಿ ಕಪ್ಪು ರಬ್ಬರು ಕಚ್ಚಿಕೊಂಡಿತ್ತು.

"ಬಡಗಿ ಪಕ್ಕ ಈಗ ಯಾರಿದ್ದಾರೆ?"

"ಹೆಂಡತಿ ಇದ್ದಾಳೆ. ಜೊತೆಗೆ ಆ ಬಾಮೈದ..."

ದಫೇದಾರನ ಮಾತು ಮುಗಿಯುವ ಮೊದಲೇ ಅವನನ್ನೂ ಮೇಸ್ತ್ರಿಯನ್ನೂ ಹತ್ತಿಸಿಕೊಂಡು ಜೀಪು ಹೊರಟಿತ್ತು.

*

ಬಡಗಿಯ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಔಷಧಿ ಚೀಟಿ ಹಿಡಿದು ಕುಂಟುತ್ತ ಇಳಿಯುತ್ತಿದ್ದಳು. "ತಮ್ಮ ಕಳಿಸ್ದ. ನಾನು ನೋಡ್ಕೋತೀನಿ ಹೋಗಕ್ಕಾ ಅಂದ."

ಇನ್ಸ್‌ಪೆಕ್ಟರ್ ಎರಡೆರಡು ಮೆಟ್ಟಿಲು ಹಾರಿ ಏರಿದಳು. ಬಡಗಿಯ ಹಾಸಿಗೆಗೆ ಪರದೆ ಎಳೆದಿತ್ತು. ಸರ್ರನೆ ಸರಿಸಿದಳು. ಬಾಮೈದನ ಕೈ ಆಮ್ಲಜನಕದ ಕೊಳವೆಯ ಮೇಲಿತ್ತು.

"ಸರಿ ಮಾಡ್ತಿದ್ದೆ ಮೇಡಂ. ಸಡಿಲ ಆಗಿತ್ತು."

"ಈಚೆ ಬಾ." ಅವನ ರಟ್ಟೆ ಹಿಡಿದು ವೆರಾಂಡಕ್ಕೆ ಎಳೆದಳು. ದಾದಿ ಒಳಗೆ ಓಡಿದಳು. "ಟೈರು ಮಡ್‌ಗಾರ್ಡಿಗೆ ಉಜ್ಜೋದು ಕಣ್ಣಾರೆ ನೋಡಿದ್ಯಲ್ವಾ?"

"ಹೌದು. ಆರು ದಿನವೂ."

"ಆರು ದಿನ ಉಜ್ಜಿದ್ರೆ ಮೇಸ್ತ್ರಿ ಬಳಿದ ಸುಣ್ಣ ಉಳೀತಿರಲಿಲ್ಲ. ಉಜ್ಜಿ ಒಂದು ಎಳೆಯೂ ಹೋಗಿಲ್ಲ. ನೀನು ಗ್ಯಾರೇಜಿಗೆ ಕಾಲಿಟ್ಟವನಲ್ಲ, ಸುಣ್ಣದ ವಿಷ್ಯ ನಿನಗೆ ಗೊತ್ತಿರಲಿಲ್ಲ. ಇಳಿಸಿದ ಗಾಡಿ, ಹಾಗಾಗಿ ಎಲ್ಲರೂ ಮೇಸ್ತ್ರಿ ತಲೆಗೇ ಕಟ್ತಾರೆ ಅಂತ ಲೆಕ್ಕ ಹಾಕ್ದೆ. ಉಳಿಯಲ್ಲಿ ಟೈರಿನ ಪಕ್ಕೆ ಅರ್ಧಕ್ಕೆ ಸೀಳಿದೆ. ಸೀಳು ಕಾಣದಿರಲಿ ಅಂತ ಅರ ಹಾಕಿ ಉಜ್ದೆ. ಕೈಗೆಟುಕಿದ ಒಂದು ಗೇಣು ಉಜ್ಜಿ ಸಾಕು ಅಂದ್ಕೊಂಡೆ. ಭಾವ ಕದ್ದ ಮರದ ಸುದ್ದಿ ಹೇಳೋಕೆ ನಮ್ಮ ಹತ್ರ ಹೊರಟಿದ್ದರು. ಆ ಇಳಿಜಾರು ದಾಟಬಾರದಿತ್ತು, ಅಷ್ಟೇ ತಾನೆ?"

ಅವನು ಮೆಟ್ಟಿಲ ಕಡೆ ತಿರುಗಿದ. ಅಲ್ಲಿ ದಫೇದಾರ ಅರ ಹಿಡಿದು ನಿಂತಿದ್ದ.

ಹಿಂದೆ ಯಾರೋ ಗೋಡೆಗೆ ಆತುಕೊಂಡ ಸದ್ದು. ಅಕ್ಕ. ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕಾ, ನನ್ನ ಮಾತು ಕೇಳು..."

"ನನ್ನ ಹಾಳು ಮಂಡಿಗೋಸ್ಕರ ಇವರು ಗಾಡಿ ಇಳಿಸಿದ್ರು, ನಾನೇ ಕೊಂದೆ ಅಂತ ಬೆಳಗ್ಗೆಯಿಂದ ಅಳ್ತಿದ್ದೆ," ಎಂದಳು ಆಕೆ. ಕೂಗಲಿಲ್ಲ. "ನೀನು ಪಕ್ಕದಲ್ಲೇ ಕೂತು ನನ್ನ ಕಣ್ಣೊರೆಸಿದೆ. ನೀರು ಕುಡಿಸಿದೆ. ಹೌದಕ್ಕಾ, ಗಾಡಿ ಇಳಿಸೋಕೆ ನೀನು ಕೇಳಬಾರದಿತ್ತು ಅಂದ್ಯಲ್ಲೋ."

ಅವನು ತಲೆ ತಗ್ಗಿಸಿದ. ದಫೇದಾರ ಬೇಡಿ ಹಾಕಿ ನಡೆಸಿಕೊಂಡು ಹೋದ.

ದಾದಿ ಹೊರಬಂದು, ಉಸಿರು ಸರಿಯಾಗಿದೆ, ಕೂಗಿದರೆ ರೆಪ್ಪೆ ಅಲುಗಿಸುತ್ತಿದ್ದಾರೆ ಎಂದಳು. ವೆರಾಂಡದ ತುದಿಯಲ್ಲಿ ಮೇಸ್ತ್ರಿ ಕಂಬ ಹಿಡಿದು ನಿಂತಿದ್ದ. ಒಳಗೆ ಬರುವುದೋ ಬೇಡವೋ ತಿಳಿಯದೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಡುತ್ತಿದ್ದ.

ಬಡಗಿಯ ಹೆಂಡತಿ ಅವನನ್ನು ಕಂಡಳು. ಔಷಧಿ ಚೀಟಿಯನ್ನು ಅವನ ಕೈಗಿತ್ತಳು.

"ನನಗೆ ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ ಮೇಸ್ತ್ರಿ. ಇದೊಂದು ತಂದುಕೊಡ್ತೀರಾ?"

ಮೇಸ್ತ್ರಿ ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಓಡಿದ.